ಕೊನೆಯ ಮೂರು ಅಂಕಿ

"ಈ ನಂಬರು ನಿನ್ನ ತಮ್ಮನದಲ್ಲ, ಸಿಸ್ಟರ್."

ಹೇಝಲ್ ಕೌಂಟರಿನ ಅಂಚು ಹಿಡಿದುಕೊಂಡಳು. ಗಾಜಿನಾಚೆ ಕೂತಿದ್ದ ಪೊಲೀಸ್ ಅಧಿಕಾರಿಯ ಎದೆಪಟ್ಟಿಯಲ್ಲಿ ಝಿಯಾದ್ ಎಂದಿತ್ತು. ಮೂವತ್ತರ ಆಸುಪಾಸಿನ ಒಮಾನಿ. ಹಿಂದಿಯನ್ನು ಸಲೀಸಾಗಿ ಆಡುತ್ತಿದ್ದ.

"ಅವನು ಇಲ್ಲಿಲ್ಲ ಅಂತೀರಾ?"

"ಹಾಗಲ್ಲ. ನಂಬರು ಇದೆ. ಆದರೆ ಬೇರೆಯವರದು."

ಮಸ್ಕತ್ತಿನ ಬೌಷರ್‌ನ ಈ ಠಾಣೆ ಅವಳಿಗೆ ಒಂಬತ್ತನೆಯದು. ತಮ್ಮ ಗ್ಲಾಡ್ವಿನ್‌ನನ್ನು ಪೊಲೀಸರು ಹಿಡಿದು ಹನ್ನೊಂದು ದಿನವಾಗಿತ್ತು. ಎಲ್ಲಿಟ್ಟಿದ್ದಾರೆ ಎಂದು ಮನೆಯವರಿಗೆ ಗೊತ್ತಿರಲಿಲ್ಲ. ಹಿಂದಿನ ಎಂಟು ಕಡೆಯೂ ಅವಳು ತಮ್ಮನ ರೆಸಿಡೆಂಟ್ ಕಾರ್ಡಿನ ನಂಬರು ಬರೆದಿದ್ದ ಇದೇ ಕಾಗದ ತೋರಿಸಿದ್ದಳು. ಎಂಟು ಕಡೆಯೂ ನಂಬರು ಒತ್ತಿ, ಪರದೆ ನೋಡಿ, "ಮಾಫಿ" ಎಂದು ತಲೆಯಾಡಿಸಿದ್ದರು. ಇಲ್ಲ ಎಂಬುದಕ್ಕೆ ಈ ಊರಿನ ಮಾತು. ಆ ಒಂದು ಪದ ಕೇಳಿ ಕೇಳಿ ಅವಳ ಕಿವಿ ಸುಟ್ಟುಹೋಗಿತ್ತು.

ಝಿಯಾದ್ ಒಬ್ಬನೇ ಎರಡನೇ ಸಲ ನೋಡಿದವನು.

"ಈ ಕಾಗದ ಯಾರು ಕೊಟ್ಟದ್ದು?"

"ಅವನ ಕಂಪನಿ."

"ಅವನ ರೆಸಿಡೆಂಟ್ ಕಾರ್ಡಿನ ಕಾಪಿ ಇಲ್ವಾ ನಿನ್ನ ಹತ್ತಿರ?"

ಇರಲಿಲ್ಲ. ಕಾರ್ಡು ತಮ್ಮನ ಜೇಬಿನಲ್ಲಿತ್ತು, ಅದರ ಫೋಟೋ ಅವಳ ಹಳೆಯ ಫೋನಿನ ಜೊತೆ ಹೋಗಿತ್ತು. ಕಂಪನಿಯೇ ಲೆಟರ್‌ಹೆಡ್ಡಿನಲ್ಲಿ ಹೆಸರು, ಜನ್ಮದಿನಾಂಕ, ನಂಬರು ಎಲ್ಲ ಬರೆದು ಮುದ್ರೆ ಒತ್ತಿ ಕೊಟ್ಟ ಮೇಲೆ ಇನ್ನೊಂದು ಕಾಪಿ ಯಾಕೆ ಎಂದು ಸುಮ್ಮನಿದ್ದಳು.

"ಎರಡೂವರೆಗೆ ನನ್ನ ಡ್ಯೂಟಿ ಮುಗಿಯುತ್ತದೆ," ಅಂದ ಝಿಯಾದ್. "ಅಷ್ಟರಲ್ಲಿ ಸರಿಯಾದ ನಂಬರು ತಾ."

ಗಂಟೆ ಹನ್ನೆರಡೂ ಕಾಲು. ಹೇಝಲ್ ಹೊರಗೆ ಬಂದು ಟ್ಯಾಕ್ಸಿಗೆ ಕೈ ಮಾಡಿದಳು. ಬಿಸಿಲು ಮುಖಕ್ಕೆ ರಾಚುತ್ತಿತ್ತು. ಅವಳು ಆ ಕಾಗದವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಹೆಬ್ಬೆರಳಿನ ಗುರುತು ಕಂಪನಿಯ ಮುದ್ರೆಯ ಮೇಲೆಯೇ ಬಿದ್ದಿತ್ತು.

*

ಅಲ್ ಖುವೈರ್‌ನ ಹಿಂದಿನ ಬೀದಿಯಲ್ಲಿ ಉಳ್ಳಾಲದ ಹಸೈನಾರ್ ಇಪ್ಪತ್ತೆಂಟು ವರ್ಷದಿಂದ ಟೈಪಿಂಗ್ ಸೆಂಟರ್ ನಡೆಸುತ್ತಿದ್ದರು. ವೀಸಾ ಅರ್ಜಿ, ಲೇಬರ್ ಅರ್ಜಿ, ಮದುವೆಯ ಕಾಗದ, ಸಾವಿನ ಕಾಗದ, ಊರಿನವರ ಬದುಕೆಲ್ಲ ಅವರ ಬೆರಳ ತುದಿಯಿಂದ ಅರಬ್ಬಿಗೆ ಇಳಿಯುತ್ತಿತ್ತು. ಹೋದ ವರ್ಷ ಅಮ್ಮ ಆಗ್ನೆಸ್ ಒಮಾನ್ ನೋಡಲು ಬಂದಾಗ ವಿಸಿಟ್ ವೀಸಾದ ಅರ್ಜಿ ಹಾಕಿದ್ದು ಗ್ಲಾಡ್ವಿನ್. ಟೈಪ್ ಮಾಡಿದ್ದು ಇವರು.

"ಎಂತ ಮಗಳೇ, ಮುಖ ಹೀಗೆ ಮಾಡಿಕೊಂಡು? ಕೂತ್ಕೊ ಮೊದಲು."

"ಕೂರಲಿಕ್ಕೆ ಟೈಮ್ ಇಲ್ಲ ಕಾಕ. ಅಮ್ಮನ ವೀಸಾದ್ದು ಫೈಲು ಉಂಟಾ ನಿಮ್ಮಲ್ಲಿ?"

"ನಾನು ಒಂದೂ ಬಿಸಾಡುವುದಿಲ್ಲ. ನನ್ನ ಹೆಂಡತಿಗೆ ಅದೇ ಸಿಟ್ಟು."

ಹತ್ತು ನಿಮಿಷದಲ್ಲಿ ಕಾರ್ಡಿನ ಕಾಪಿ ಪ್ರಿಂಟರಿನಿಂದ ಹೊರಗೆ ಬಂತು. ಹೇಝಲ್ ಅದನ್ನೂ ಕಂಪನಿಯ ಪತ್ರವನ್ನೂ ಪಕ್ಕ ಪಕ್ಕ ಇಟ್ಟಳು.

ಅವಳು ಬೌಷರ್‌ನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ದಿನಕ್ಕೆ ನಲವತ್ತು ಜನ ಅವಳ ಯಂತ್ರದ ಮುಂದೆ ನಿಲ್ಲುತ್ತಾರೆ. ಯಾರ ಎಲುಬನ್ನು ಯಾರದೋ ಹೆಸರಿನಲ್ಲಿ ಕಳಿಸಬಾರದೆಂದು ಮೂರು ವಿಷಯ ಕೇಳುತ್ತಾಳೆ: ಹೆಸರು, ಜನ್ಮದಿನಾಂಕ, ನಂಬರು. ಒಂದು ತಪ್ಪಿದ್ದರೆ ಬರೆದವರ ಕೈ ಜಾರಿದೆ ಎಂದುಕೊಳ್ಳಬಹುದು. ಮೂರೂ ತಪ್ಪಿದ್ದರೆ ಎದುರು ನಿಂತವರು ಬೇರೆ ಮನುಷ್ಯ.

ಪತ್ರದಲ್ಲಿ ನಂಬರಿನ ಕೊನೆಯ ಮೂರು ಅಂಕಿ 471. ಕಾರ್ಡಿನಲ್ಲಿ 417.

ಪತ್ರದಲ್ಲಿ ಹುಟ್ಟಿದ ವರ್ಷ 1991. ಕಾರ್ಡಿನಲ್ಲಿ 1997.

"ಅರಬ್ಬಿ ಹೆಸರು ನೋಡಿ ಕಾಕ. ನನಗೆ ಓದಲಿಕ್ಕೆ ಬರುವುದಿಲ್ಲ."

ಹಸೈನಾರ್ ಕನ್ನಡಕ ಹಣೆಗೇರಿಸಿ ಕಾಗದವನ್ನು ಮೂಗಿನ ಹತ್ತಿರ ತಂದರು. "ಅರಬ್ಬಿಯಲ್ಲಿ ನಮ್ಮ ಗ ಇಲ್ಲ. ಅದರ ಬದಲಿಗೆ ಒಬ್ಬ ಜೀಮ್ ಅಕ್ಷರ ಹಾಕ್ತಾನೆ, ಒಬ್ಬ ಗೈನ್ ಹಾಕ್ತಾನೆ. ಕಾರ್ಡಿನಲ್ಲಿ ಗೈನ್ ಉಂಟು. ಇದರಲ್ಲಿ ಕಾಫ್ ಹಾಕಿದ್ದಾನೆ. ಕ್ಲಾದ್ವಿನ್ ಅಂತ ಆಗ್ತದೆ. ಈ ಹೆಸರಲ್ಲಿ ನೂರು ವರ್ಷ ಹುಡುಕಿದರೂ ನಿನ್ನ ತಮ್ಮ ಸಿಕ್ಕುವುದಿಲ್ಲ."

"ಗೊತ್ತಿಲ್ಲದೆ ಮಾಡಿದ್ದಿರಬಹುದಾ?"

"ಕಂಪನಿಯ ಕಂಪ್ಯೂಟರಿನಲ್ಲಿ ಅವನ ಹೆಸರು ಐದು ವರ್ಷದಿಂದ ಗೈನ್‌ನಲ್ಲೇ ಕೂತಿದೆ. ಅಲ್ಲಿಂದ ತೆಗೆದು ಅಂಟಿಸಿದರೆ ಆಯ್ತು. ಇದನ್ನು ಯಾರೋ ಕೂತು ಹೊಸದಾಗಿ ಟೈಪ್ ಮಾಡಿದ್ದಾರೆ." ಅವರು ಕಾಗದ ಕೆಳಗಿಟ್ಟರು. "ತಪ್ಪು ಮಾಡಲಿಕ್ಕೂ ಶ್ರಮ ಬೇಕಾಗ್ತದೆ ಮಗಳೇ. ಇಲ್ಲಿ ಶ್ರಮಪಟ್ಟಿದ್ದಾರೆ."

ಹೇಝಲ್ ಎರಡೂ ಕಾಗದ ಎತ್ತಿಕೊಂಡಳು. ಎಂಟು ಕೌಂಟರು. ಎಂಟು ಸಲ ರಜೆ ಕೇಳಿ ಬಾಸ್‌ನ ಮುಖ ನೋಡಿದ್ದು. ತಮ್ಮ ಯಾಕೆ ಫೋನ್ ಮಾಡುವುದಿಲ್ಲ ಎಂದು ಶಿರ್ವದಿಂದ ಅಮ್ಮ ಕೇಳಿದಾಗಲೆಲ್ಲ, ಸೈಟಿನಲ್ಲಿ ನೆಟ್‌ವರ್ಕ್ ಇಲ್ಲಮ್ಮ ಎಂದು ಸುಳ್ಳು ಹೇಳಿದ್ದು. ಆ ಸುಳ್ಳನ್ನೂ ಅವಳಿಗೆ ಕಲಿಸಿಕೊಟ್ಟದ್ದು ಇದೇ ಪತ್ರ ಕೊಟ್ಟ ಮನುಷ್ಯ.

*

ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಅವಳು ಮತ್ತೆ ಝಿಯಾದ್‌ನ ಗಾಜಿನ ಮುಂದೆ ನಿಂತಳು. ಅವನು ಹೊಸ ನಂಬರು ಒತ್ತಿದ. ಪರದೆ ನೋಡಿದ. ಈ ಸಲ ತಲೆಯಾಡಿಸಲಿಲ್ಲ.

"ಗ್ಲಾಡ್ವಿನ್ ಮ್ಯಾಕ್ಸಿಮ್ ಕರ್ಡೋಜಾ. ಇವನೇ?"

"ಇವನೇ."

"ಇವನು ಮಸ್ಕತ್ತಿನಲ್ಲಿ ಯಾವತ್ತೂ ಇರಲಿಲ್ಲ, ಸಿಸ್ಟರ್. ಖಸಬಿನಲ್ಲಿದ್ದಾನೆ. ಮೂರನೇ ತಾರೀಖಿನಿಂದ."

ಖಸಬ್. ದೇಶದ ಉತ್ತರದ ತುದಿ, ನಡುವೆ ಬೇರೆ ದೇಶದ ಗಡಿ. ರಸ್ತೆಯಲ್ಲಿ ಹೋಗಬೇಕಾದರೆ ಇನ್ನೊಂದು ವೀಸಾ ಬೇಕು, ಇಲ್ಲದಿದ್ದರೆ ವಿಮಾನ.

"ಯಾವ ಕೇಸು?"

"ಬಂದರಿನಲ್ಲಿ ಮಾಲು ಸಿಕ್ಕಿದೆ. ಸೋಪಿನ ಪೆಟ್ಟಿಗೆಯಲ್ಲಿ ನಶೆಯ ಮಾತ್ರೆ. ಮಾಲು ಹೊರಗೆ ಬಿಡುವ ಗೇಟ್ ಪಾಸಿನಲ್ಲಿ ಇವನ ಸಹಿ ಇದೆ. ಇಷ್ಟೇ ಹೇಳಬಹುದು." ಝಿಯಾದ್ ಒಂದು ಚೀಟಿಯಲ್ಲಿ ಅಂಕಿಗಳನ್ನು ಬರೆದು ಗಾಜಿನಡಿ ಸರಿಸಿದ. "ಇದು ಅಲ್ಲಿಯ ಕೇಸ್ ನಂಬರು. ಮಂಗಳವಾರ ಭೇಟಿ ದಿನ. ಫೋನ್ ಮಾಡುವಾಗಲೂ ಹೋಗುವಾಗಲೂ ಇದನ್ನೇ ಹೇಳು. ಹೆಸರು ಹೇಳಬೇಡ, ಹೆಸರು ಯಾರಿಗೂ ಅರ್ಥವಾಗುವುದಿಲ್ಲ."

ಅವಳು ಆ ಚೀಟಿಯನ್ನು ಕಾರ್ಡಿನ ಕಾಪಿಯ ಜೊತೆ ಮಡಚಿ ಒಳಗಿಟ್ಟಳು. ಕಂಪನಿಯ ಪತ್ರವನ್ನು ಕೈಯಲ್ಲೇ ಇಟ್ಟುಕೊಂಡಳು.

*

ಕ್ಲಾರೆನ್ಸ್‌ನ ಆಫೀಸು ಅಲ್ ಖುವೈರ್‌ನ ಹೆದ್ದಾರಿಯ ಪಕ್ಕ, ನಾಲ್ಕನೇ ಮಹಡಿ. ತಮ್ಮನ ಕಂಪನಿಯ ಆಡಳಿತ ಮ್ಯಾನೇಜರು, ಆ ಪತ್ರ ಕೊಟ್ಟವನು. ಕಲ್ಯಾಣಪುರದ ಕಡೆಯವನು, ಐವತ್ತೈದು ವರ್ಷ. ಚರ್ಚಿನಲ್ಲಿ ಭಾನುವಾರದ ಕೊಂಕಣಿ ಪೂಜೆಗೆ ಬೈಬಲ್ ವಾಚನ ಮಾಡುವವನು. ಐದು ವರ್ಷದ ಹಿಂದೆ ಗ್ಲಾಡ್ವಿನ್‌ಗೆ ಸ್ಟೋರ್‌ಕೀಪರ್ ಕೆಲಸ ಕೊಡಿಸಿದವನೂ ಅವನೇ; ಆ ಉಪಕಾರಕ್ಕೆ ಹೇಝಲ್ ಪ್ರತಿ ಕ್ರಿಸ್ಮಸ್‌ಗೂ ಅವನ ಮನೆಗೆ ಕುಸ್ವಾರ್ ತಿಂಡಿಗಳ ತಟ್ಟೆ ಹೊತ್ತುಕೊಂಡು ಹೋಗಿದ್ದಳು.

"ಬಾ ಬಾಯೇ. ಎಷ್ಟು ಸೊರಗಿದ್ದೀಯ ನೋಡು. ಚಾ ತರಿಸ್ಲಾ?" ಮಗಳನ್ನು ಕರೆಯುವ ಹಾಗೆ ಬಾಯೇ ಎನ್ನುವ ಅವನ ಕೊಂಕಣಿ ಸ್ವರ ಎಂದಿನಂತೆ ಬೆಣ್ಣೆ ಹಚ್ಚಿದ ಹಾಗಿತ್ತು.

"ಬೇಡ ಅಂಕಲ್. ತಮ್ಮನ ವಿಷಯ ಎಂತಾಯ್ತು?"

"ಅದರ ಹಿಂದೆಯೇ ಇದ್ದೇನೆ. ಗುರುವಾರ ನಾನೇ ಹೋಗಿ ನೋಡಿಕೊಂಡು ಬಂದೆ."

ಹೇಝಲ್ ಕುರ್ಚಿ ಎಳೆದು ಕೂತಳು. "ಹೌದಾ? ಎಲ್ಲಿ?"

"ಇಲ್ಲೇ, ಮಸ್ಕತ್ತಿನ ಹೊರಗೆ. ಜಾಗ ಯಾರಿಗೂ ಹೇಳಬಾರದು ಅಂತ ವಕೀಲರು ಹೇಳಿದ್ದಾರೆ. ಕೇಸಿಗೆ ತೊಂದರೆ."

"ಹೇಗಿದ್ದ?"

"ಗಟ್ಟಿ ಇದ್ದಾನೆ. ನಿನ್ನನ್ನು ಕೇಳಿದ. ಅಕ್ಕ ಬರುವುದು ಬೇಡ, ಅವಳು ಅಳ್ತಾಳೆ ಅಂದ."

"ಗಡ್ಡ ಬಿಟ್ಟಿದ್ನಾ?"

"ಹಾಂ, ಸ್ವಲ್ಪ."

"ನಿಮ್ಮ ಎದುರಿಗೇ ಕೂತಿದ್ನಾ, ಗಾಜಿನ ಆಚೆಯಾ?"

"ಎದುರಿಗೇ. ನನ್ನ ಪರಿಚಯದವರು ಇದ್ದಾರಲ್ಲ ಅಲ್ಲಿ. ಕೈ ಕುಲುಕಿದ." ಕ್ಲಾರೆನ್ಸ್ ಚಾದ ಲೋಟ ಎತ್ತಿದ. "ಪೊಲೀಸರ ಹಾಗೆ ಕೇಳ್ತೀಯಲ್ಲ."

"ಪೊಲೀಸರು ನಿಮ್ಮನ್ನು ಇನ್ನೂ ಕೇಳಲಿಲ್ಲವಲ್ಲ, ಅದಕ್ಕೆ."

ಲೋಟ ಅರ್ಧದಲ್ಲೇ ನಿಂತಿತು. ಹೇಝಲ್ ಪತ್ರವನ್ನು ಮೇಜಿನ ಮೇಲೆ ಬಿಡಿಸಿಟ್ಟು ಬೆರಳಿಟ್ಟು ತೋರಿಸಿದಳು.

"ನಂಬರು ತಪ್ಪು. ಹುಟ್ಟಿದ ವರ್ಷ ತಪ್ಪು. ಅರಬ್ಬಿ ಹೆಸರು ತಪ್ಪು. ಐದು ವರ್ಷ ನಿಮ್ಮಲ್ಲಿ ದುಡಿದ ಹುಡುಗನ ಮೂರೇ ಮೂರು ವಿಷಯ ಬರೆಯಬೇಕಿತ್ತು ಅಂಕಲ್. ಮೂರೂ ತಪ್ಪು."

"ಟೈಪಿಂಗ್ ಮಿಸ್ಟೇಕ್. ಅದು ಪ್ರಿನ್ಸಿ ಮಾಡಿದ್ದು. ಕಾಗದಪತ್ರದ ಕೆಲಸ ಎಲ್ಲ ಅವಳದಲ್ವಾ."

ಪ್ರಿನ್ಸಿಯನ್ನು ಹೇಝಲ್ ಚೆನ್ನಾಗಿ ಬಲ್ಲಳು. ಚರ್ಚಿನ ಗಾಯನ ಮಂಡಳಿಯಲ್ಲಿ ಇಬ್ಬರೂ ಒಂದೇ ಪುಸ್ತಕ ಹಿಡಿದು ಹಾಡುವವರು.

"ಪ್ರಿನ್ಸಿ ನಾಲ್ಕನೇ ತಾರೀಖಿಗೆ ಊರಿಗೆ ಹೋದಳು. ಅಪ್ಪನಿಗೆ ಹುಷಾರಿಲ್ಲ ಅಂತ ನನಗೆ ಮೆಸೇಜು ಹಾಕಿದ್ದಾಳೆ. ಈ ಪತ್ರದ ತಾರೀಖು ಆರು."

ಕ್ಲಾರೆನ್ಸ್ ಲೋಟವನ್ನು ಮೇಜಿನ ಮೇಲಿಟ್ಟ. ಕೆಳಗೆ ಹೆದ್ದಾರಿಯ ವಾಹನಗಳ ಸದ್ದು ಒಂದೇ ಸಮನೆ ಬರುತ್ತಿತ್ತು.

"ಇನ್ನೊಂದು ಕೇಳ್ತೇನೆ," ಅಂದಳು ಹೇಝಲ್. "ಗುರುವಾರ ನೀವು ಕೈ ಕುಲುಕಿದ್ದು ಮಸ್ಕತ್ತಿನ ಹೊರಗೆ ಅಂದಿರಿ. ಖಸಬಿನಲ್ಲಿದ್ದವನ ಕೈ ಇಲ್ಲಿಯವರೆಗೆ ಹೇಗೆ ಬಂತು?"

ಅವನು ಎದ್ದು ಹೋಗಿ ಬಾಗಿಲು ಮುಚ್ಚಿದ. ತಿರುಗಿದಾಗ ಮುಖದಲ್ಲಿ ಬೆಣ್ಣೆಯ ಗುರುತೂ ಇರಲಿಲ್ಲ.

"ಯಾರು ಹೇಳಿದ್ದು ನಿನಗೆ?"

"ಅಂದರೆ ನಿಜ."

"ನೋಡು ಹೇಝಲ್, ಇದರಲ್ಲಿ ದೊಡ್ಡವರಿದ್ದಾರೆ. ನಾನು ಮುಚ್ಚಿಟ್ಟದ್ದು ನಿನ್ನ ಒಳ್ಳೆಯದಕ್ಕೆ. ಆ ಹುಡುಗ ಆವತ್ತೇ ಫೋನಿನಲ್ಲಿ ಅತ್ತ, ಅಕ್ಕನಿಗೆ ಹೇಳಿ ಅಂತ. ನನಗೂ ಸಂಕಟ ಆಗಲಿಲ್ವಾ? ಆದರೆ..."

"ಆವತ್ತೇ ಅಂದರೆ?"

ಕ್ಲಾರೆನ್ಸ್ ಕಿಟಕಿಯ ಕಡೆ ತಿರುಗಿದ.

"ಮೂರನೇ ತಾರೀಖು," ಅಂದಳು ಹೇಝಲ್. ಅವಳ ದನಿ ಏರಲಿಲ್ಲ, ಆದರೆ ಪ್ರತಿ ಮಾತೂ ಹಲ್ಲಿನ ನಡುವಿನಿಂದ ಬಂತು. "ಅವನಿಗೆ ಒಂದು ಫೋನ್ ಮಾಡಲಿಕ್ಕೆ ಬಿಟ್ಟರು. ಅವನು ನಿಮಗೆ ಮಾಡಿದ. ಅಕ್ಕನಿಗೆ ಹೇಳಿ ಅಂದ. ನೀವು ಫೋನ್ ಇಟ್ಟು ನನಗೆ ಎಂತ ಹೇಳಿದಿರಿ? ಗ್ಲಾಡ್ವಿನ್ ಸೈಟಿಗೆ ಹೋಗಿದ್ದಾನೆ, ನೆಟ್‌ವರ್ಕ್ ಇಲ್ಲ. ಮೂರು ದಿನ ಅದೇ. ನಾಲ್ಕನೇ ದಿನ ಈ ಪತ್ರ. ಹೋಗು, ಊರೆಲ್ಲ ಹುಡುಕು ಅಂತ. ನಾನು ಬಿಸಿಲಲ್ಲಿ ಠಾಣೆ ಠಾಣೆ ಅಲೆಯುವಾಗ ನೀವು ಭಾನುವಾರ ನಿಂತು, ಕಷ್ಟದಲ್ಲಿರುವ ನಮ್ಮ ಸಹೋದರನಿಗಾಗಿ ಪ್ರಾರ್ಥಿಸೋಣ ಅಂತ ಓದಿದಿರಿ. ನಾನು ಎರಡನೇ ಸಾಲಿನಲ್ಲಿ ಕೂತು ಆಮೆನ್ ಅಂದೆ."

"ಸಾಕು."

"ಸಾಕಾಗಲಿಲ್ಲ. ಗೇಟ್ ಪಾಸಿನ ಸಹಿ ಯಾರದು?"

"ನಿನ್ನ ವೀಸಾ ಯಾರ ಕೈಯಲ್ಲಿದೆ ಅಂತ ಗೊತ್ತುಂಟಲ್ಲ?" ಕ್ಲಾರೆನ್ಸ್ ಫೋನಿನ ಮೇಲೆ ಕೈಯಿಟ್ಟ. "ನಿನಗೆ ವೀಸಾ ಕೊಟ್ಟ ಕ್ಲಿನಿಕ್ಕಿನ ಧಣಿ, ಆ ಕಫೀಲ್, ನನಗೆ ಹತ್ತಿರದವನು. ಒಂದು ಮಾತು ಹೇಳಿದರೆ ಖಲಾಸ್. ನಾಡಿದ್ದು ನೀನು ಶಿರ್ವದಲ್ಲಿರ್ತೀಯ. ಆಮೇಲೆ ನಿನ್ನ ತಮ್ಮನನ್ನು ಯಾರು ನೋಡ್ತಾರೆ?"

"ಮಾಡಿ."

"ಎಂತ?"

"ಫೋನ್ ಮಾಡಿ. ಈಗಲೇ. ನಾನು ಇಲ್ಲೇ ಕೂತಿರ್ತೇನೆ. ಸ್ಪೀಕರ್‌ನಲ್ಲಿ ಹಾಕಿ, ನನ್ನನ್ನು ಯಾಕೆ ಕಳಿಸಬೇಕು ಅಂತ ನೀವು ಹೇಳುವುದನ್ನು ನಾನೂ ಕೇಳ್ತೇನೆ."

ಕ್ಲಾರೆನ್ಸ್‌ನ ಕೈ ಫೋನಿನ ಮೇಲೆಯೇ ಇತ್ತು. ಎತ್ತಲಿಲ್ಲ.

ಹೇಝಲ್ ಪತ್ರ ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದಳು. ಲಿಫ್ಟಿಗೆ ಕಾಯಲು ಆಗಲಿಲ್ಲ. ನಾಲ್ಕು ಮಹಡಿ ಮೆಟ್ಟಿಲು ಇಳಿದಳು. ಆ ಮೇಜನ್ನು ಮಗುಚಿ ಹಾಕದೆ ಬಂದೆನಲ್ಲ ಎಂಬ ಸಿಟ್ಟು ಕೆಳಗೆ ಬಂದ ಮೇಲೂ ಇಳಿದಿರಲಿಲ್ಲ.

*

ಮಂಗಳವಾರ ಬೆಳಗಿನ ವಿಮಾನದಲ್ಲಿ ಅವಳು ಖಸಬಿಗೆ ಇಳಿದಳು. ಹೋಗುತ್ತೇನೆಂದು ಯಾರಿಗೂ ಹೇಳಿರಲಿಲ್ಲ, ಹಸೈನಾರ್‌ಗೂ ಸಹ. ಕ್ಲಿನಿಕ್ಕಿನಲ್ಲಿ ಹಲ್ಲುನೋವು ಎಂದಿದ್ದಳು. ಕಡಿದ ಬೆಟ್ಟಗಳ ನಡುವೆ ಪುಟ್ಟ ಊರು, ಕೊನೆಯಲ್ಲಿ ಬಂದರು. ಟ್ಯಾಕ್ಸಿಯವನು ಡಾಲ್ಫಿನ್ ನೋಡಲು ಬಂದಿದ್ದೀರಾ ಎಂದು ಕೇಳಿದ. ಅವಳು ಚೀಟಿ ತೋರಿಸಿದಳು. ಆಮೇಲೆ ಅವನು ಮಾತಾಡಲಿಲ್ಲ.

ಠಾಣೆಯೊಳಗೆ ಆಫಿಯಾ ಎಂಬ ಮಹಿಳಾ ಪೊಲೀಸ್ ಅವಳ ಚೀಲ ತಪಾಸಣೆ ಮಾಡಿದಳು. ಫೋನ್, ಬೆಲ್ಟು, ಪೆನ್ನು ಎಲ್ಲವನ್ನೂ ಲಾಕರಿನಲ್ಲಿ ಇಡಿಸಿ ಬೀಗದ ಕೈ ಕೊಟ್ಟಳು. ತಮ್ಮನಿಗೆಂದು ತಂದಿದ್ದ ಎರಡು ಬನಿಯನ್, ಒಂದು ಟವೆಲ್ ಬಿಟ್ಟಳು. ಹಲ್ವದ ಡಬ್ಬಿ ವಾಪಸು ಕೊಟ್ಟಳು.

"ಹದಿನೈದು ನಿಮಿಷ," ಅಂದಳು ಆಫಿಯಾ. "ಗಾಜಿನ ಆಚೆ. ಫೋನಿನಲ್ಲಿ ಮಾತಾಡಬೇಕು."

ಎದುರಿಗೇ ಕೂತು ಕೈ ಕುಲುಕಿದನಂತೆ. ಹೇಝಲ್ ಹಲ್ಲು ಕಚ್ಚಿದಳು.

ಗ್ಲಾಡ್ವಿನ್ ಬಂದ. ಗಡ್ಡ ಇರಲಿಲ್ಲ. ತಲೆಯನ್ನೂ ಸಣ್ಣಗೆ ಕತ್ತರಿಸಿದ್ದರು. ಶಾಲೆಗೆ ಹೋಗುವಾಗ ಇದ್ದ ಹಾಗೆ ಕಿವಿ ಎರಡೂ ಎದ್ದು ಕಾಣುತ್ತಿದ್ದವು. ಅವನು ಕೂತ, ಫೋನ್ ಎತ್ತಿದ, ಅಕ್ಕನ ಮುಖವನ್ನು ನೋಡದೆ ಕೇಳಿದ.

"ಈಗ ಬಂದ್ಯಾ?"

"ತಮ್ಮಾ..."

"ಹದಿಮೂರು ದಿನ. ಮರ್ಯಾದೆ ಹೋಗ್ತದೆ, ನಾನು ಬರುವುದಿಲ್ಲ ಅಂದೆಯಂತೆ. ಕ್ಲಾರೆನ್ಸ್ ಅಂಕಲ್ ಹೇಳಿದರು."

"ಅವನು ಬಂದಿದ್ನಾ ಇಲ್ಲಿಗೆ?"

"ಇಲ್ಲ. ಎರಡನೇ ಸಲ ಫೋನ್ ಬಿಟ್ಟಾಗ ಆಫೀಸಿಗೆ ಮಾಡಿದೆ. ಆಗ ಹೇಳಿದರು."

"ಎರಡು ಸಲವೂ ಅವನಿಗೇ ಮಾಡಿದ್ಯಾ? ನನಗೆ ಯಾಕೆ ಮಾಡಲಿಲ್ಲ?" ಹೇಝಲ್‌ಳ ಸಿಟ್ಟು ಇಷ್ಟು ದಿನ ಹುಡುಕಿದವನ ಮೇಲೆಯೇ ತಿರುಗಿತು. "ಸ್ವಂತ ಅಕ್ಕ ನಾನು. ಅವನು ಯಾರು ನಿನಗೆ?"

ಗ್ಲಾಡ್ವಿನ್ ಮೊದಲ ಸಲ ತಲೆಯೆತ್ತಿದ. ಕಣ್ಣು ಕೆಂಪಗಿತ್ತು.

"ನಿನ್ನ ನಂಬರು ನನಗೆ ಬಾಯಿಪಾಠ ಬರುವುದಿಲ್ಲ ಅಕ್ಕ. ಫೋನಿನಲ್ಲಿ ಅಕ್ಕ ಅಂತ ಒತ್ತಿ ಅಭ್ಯಾಸ. ಫೋನ್ ಪೊಲೀಸರ ಹತ್ತಿರ ಉಂಟು. ಆಫೀಸಿನ ನಂಬರು ಪ್ರತಿ ಪೆಟ್ಟಿಗೆಯ ಮೇಲೂ ಅಚ್ಚಾಗಿರ್ತದೆ, ಐದು ವರ್ಷ ನೋಡಿ ನೋಡಿ ಅದೊಂದೇ ನೆನಪಿದ್ದದ್ದು."

ಗೋಡೆಯ ಗಡಿಯಾರದಲ್ಲಿ ನಾಲ್ಕು ನಿಮಿಷ ಹೋಗಿತ್ತು.

"ಹೇಳು," ಅಂದಳು ಹೇಝಲ್. "ಒಂಬತ್ತು, ಎರಡು."

"ಒಂಬತ್ತು, ಎರಡು."

ಅವಳು ಒಂದೊಂದೇ ಅಂಕಿ ಹೇಳಿದಳು, ಅವನು ಒಂದೊಂದೇ ಒಪ್ಪಿಸಿದ. ಎಂಟು ಅಂಕಿ. ಎರಡನೇ ಸಲ ನಡುವೆ ಎಡವಿದ. ಮೂರನೇ ಸಲ ಸರಿಯಾಯಿತು. ನಾಲ್ಕನೇ ಸಲ ಕಣ್ಣು ಮುಚ್ಚಿಸಿ ಹೇಳಿಸಿದಳು, ಚಿಕ್ಕಂದಿನಲ್ಲಿ ಮಗ್ಗಿ ಹೇಳಿಸುತ್ತಿದ್ದ ಹಾಗೆಯೇ, ತಪ್ಪಿದರೆ ಬೆನ್ನಿಗೊಂದು ಬೀಳುತ್ತದೆ ಎಂಬ ಗತ್ತಿನಲ್ಲಿ. ಅವನ ತುಟಿಯ ಕೊನೆಯಲ್ಲಿ ನಗುವಿನ ಹಾಗೇನೋ ಬಂದು ಹೋಯಿತು.

"ಇನ್ನು ಮುಂದೆ ಯಾವಾಗ ಫೋನ್ ಕೊಟ್ಟರೂ ಈ ನಂಬರಿಗೇ. ಕ್ಲಾರೆನ್ಸ್‌ಗೆ ಬೇಡ. ನಾನು ಬರುವುದಿಲ್ಲ ಅಂತ ಯಾರೇ ಹೇಳಿದರೂ ನಂಬಬೇಡ. ಪ್ರತಿ ಮಂಗಳವಾರ ಬರ್ತೇನೆ. ಈಗ ಗೇಟ್ ಪಾಸಿನ ವಿಷಯ ಹೇಳು."

"ನನ್ನ ಸಹಿ ಅಲ್ಲ ಅದು. ಪಾಸಿಗೆ ಸಹಿ ಬಿದ್ದ ದಿನ ನಾನು ರಜೆಯಲ್ಲಿದ್ದೆ. ಆಮೇಲೆ ಆಫೀಸಿನವರೇ ಖಸಬಿಗೆ ಹೋಗಿ ಮಾಲು ನೋಡು ಅಂತ ಕಳಿಸಿದರು, ಬಂದ ಕೂಡಲೇ ಹಿಡಿದರು." ಅವನು ಗಾಜಿಗೆ ಹತ್ತಿರ ಬಂದ. "ಅಕ್ಕ, ನನ್ನದು ಇರಲಿ. ನನ್ನನ್ನು ಹುಡುಕಲಿಕ್ಕೆ ನೀನಿದ್ದಿ. ಅವಳನ್ನು ಯಾರು ಹುಡುಕ್ತಾ ಇದ್ದಾರೆ?"

"ಯಾರನ್ನು?"

"ಪ್ರಿನ್ಸಿಯನ್ನು."

ಹೇಝಲ್‌ಗೆ ಅರ್ಥವಾಗಲಿಲ್ಲ. "ಪ್ರಿನ್ಸಿ ಊರಿನಲ್ಲಿದ್ದಾಳೆ. ಅವಳ ಅಪ್ಪನಿಗೆ ಹುಷಾರಿಲ್ಲ."

"ಯಾರು ಹೇಳಿದ್ದು?"

"ಅವಳೇ. ದಿನಾ ಮೆಸೇಜು ಮಾಡ್ತಾಳೆ. ನಿನ್ನನ್ನು ಕೇಳ್ತಾಳೆ, ಸಿಕ್ಕಿದನಾ, ಏನಾದರೂ ಗೊತ್ತಾಯ್ತಾ ಅಂತ."

ಗ್ಲಾಡ್ವಿನ್‌ನ ಮುಖದ ಬಣ್ಣ ಇಳಿಯಿತು. ಅವನು ಒಂದೊಂದೇ ಮಾತು ಬಿಡಿಸಿ ಹೇಳಿದ.

"ನಾಲ್ಕನೇ ತಾರೀಖು ನನ್ನನ್ನು ವಿಚಾರಣೆಗೆ ಕರೆದುಕೊಂಡು ಹೋಗುವಾಗ ಕಾರಿಡಾರಿನಲ್ಲಿ ಅವಳನ್ನು ನೋಡಿದೆ. ಎರಡು ಕೈಯೂ ಮುಂದೆ ಕಟ್ಟಿದ್ದರು. ಅಸಲಿ ಗೇಟ್ ಪಾಸು ತಂದಿದ್ದಳಂತೆ, ನನ್ನ ಸಹಿ ಅಲ್ಲ ಅಂತ ತೋರಿಸಲಿಕ್ಕೆ. ಆ ಕಾಗದ ನಿನ್ನ ಕೈಗೆ ಹೇಗೆ ಬಂತು ಅಂತ ಅವಳನ್ನೂ ಹಿಡಿದರು. ಇಷ್ಟೇ ಹೇಳಲಿಕ್ಕೆ ಆದದ್ದು ಅವಳಿಗೆ. ಅವಳು ಇಲ್ಲೇ ಇದ್ದಾಳೆ ಅಕ್ಕ. ಹೆಂಗಸರ ಕಡೆ. ಅವಳ ಹತ್ತಿರ ಫೋನ್ ಇಲ್ಲ."

ಫೋನಿನಲ್ಲಿ ಕ್ಲಿಕ್ ಎಂದಿತು. ಹದಿನೈದು ನಿಮಿಷ ಮುಗಿದಿತ್ತು. ಗಾಜಿನಾಚೆ ಗ್ಲಾಡ್ವಿನ್‌ನ ತುಟಿ ಇನ್ನೂ ಆಡುತ್ತಿತ್ತು: ಒಂಬತ್ತು, ಎರಡು...

ಹೊರಗಿನ ಮೇಜಿನ ಹತ್ತಿರ ಹೇಝಲ್ ಆಫಿಯಾಳ ಮುಂದೆ ನಿಂತಳು.

"ಇಲ್ಲಿ ಪ್ರಿನ್ಸಿ ಅಂತ ಒಬ್ಬಳು ಇದ್ದಾಳಾ? ಇಂಡಿಯದವಳು. ಇಪ್ಪತ್ತೊಂಬತ್ತು ವರ್ಷ."

"ನಂಬರು?"

"ಗೊತ್ತಿಲ್ಲ."

"ನಂಬರಿಲ್ಲದೆ ಹೇಳಲಾರೆ." ಆಫಿಯಾ ರಿಜಿಸ್ಟರಿನಲ್ಲಿ ಏನೋ ಬರೆಯುತ್ತಾ, ತಲೆ ಎತ್ತದೆ, ದನಿ ತಗ್ಗಿಸಿದಳು. "ಹೆಂಗಸರ ಕಡೆ ಎಲ್ಲರಿಗೂ ಯಾರಾದರೂ ಬರ್ತಾರೆ. ಒಬ್ಬಳಿಗೆ ಮಾತ್ರ ಇವತ್ತಿನವರೆಗೆ ಯಾರೂ ಬಂದಿಲ್ಲ. ರಾತ್ರಿ ಹೊತ್ತು ಸಣ್ಣ ದನಿಯಲ್ಲಿ ಚರ್ಚಿನ ಹಾಡು ಹಾಡ್ತಾಳೆ. ನಂಬರು ತಾ, ಸಿಸ್ಟರ್. ಬೇಗ ತಾ."

ಹೇಝಲ್ ಲಾಕರ್ ತೆಗೆದಳು. ಫೋನ್ ಆನ್ ಮಾಡುತ್ತಾ ಹೊರಗಿನ ಅಂಗಳಕ್ಕೆ ಬಂದಳು. ನಡು ಮಧ್ಯಾಹ್ನ. ಬಿಳಿಯ ಬಿಸಿಲಿನಲ್ಲಿ ಹತ್ತು ಹನ್ನೆರಡು ಕಾರುಗಳು ಸಾಲಾಗಿ ನಿಂತಿದ್ದವು. ರಸ್ತೆಯಾಚೆ ಒಂದು ಸಣ್ಣ ಮಸೀದಿ.

ಫೋನ್ ಗುಂಯ್ ಎಂದಿತು. ಪ್ರಿನ್ಸಿಯ ಹೆಸರು. ಪ್ರಿನ್ಸಿಯ ಫೋಟೋ, ಹಳದಿ ಚೂಡಿದಾರದಲ್ಲಿ ನಗುತ್ತಿರುವುದು.

"ಹೇಝಲ್, ತಮ್ಮನನ್ನು ನೋಡಿದ್ಯಾ? ಎಂತ ಹೇಳಿದ?"

ಅವಳು ಬಿಸಿಲಿನಲ್ಲೇ ನಿಂತುಬಿಟ್ಟಳು. ಇಷ್ಟು ದಿನ ಈ ನಂಬರಿಗೆ ಅವಳು ಹೇಳಿಕೊಂಡದ್ದೆಲ್ಲ ಒಟ್ಟಿಗೆ ನೆನಪಿಗೆ ಬಂತು. ಇವತ್ತು ಯಾವ ಠಾಣೆಗೆ ಹೋದೆ, ನಾಳೆ ಯಾವುದಕ್ಕೆ ಹೋಗುತ್ತೇನೆ, ಯಾರು ಏನು ಹೇಳಿದರು. ಎಷ್ಟು ಅತ್ತೆ ಎಂಬುದನ್ನೂ ಬರೆದಿದ್ದಳು. ಗೆಳತಿ ಎಂದು ಬರೆದಿದ್ದಳು. ಖಸಬಿಗೆ ಬಂದದ್ದನ್ನು ಮಾತ್ರ ಬರೆದಿರಲಿಲ್ಲ.

ಹೇಝಲ್ ಉತ್ತರ ಬರೆಯಲಿಲ್ಲ. ಕರೆ ಒತ್ತಿದಳು.

ಮೂರು ರಿಂಗು. ಆ ಕಡೆ ಎತ್ತಿದರು. ಮಾತಿಲ್ಲ. ಉಸಿರಾಟ ಮಾತ್ರ, ನಿಧಾನ, ಭಾರ.

"ಯಾರು?" ಅಂದಳು ಹೇಝಲ್.

ಆಗಲೇ ರಸ್ತೆಯಾಚೆಯ ಮಸೀದಿಯ ಮೈಕು ಕರಕರ ಎಂದು, ಮುದಿ ದನಿಯೊಂದು ಒಂದು ಸಲ ಕೆಮ್ಮಿ, ನಡುಹಗಲಿನ ಬಾಂಗು ಶುರು ಮಾಡಿತು.

ಫೋನಿನೊಳಗೂ ಅದೇ ಕರಕರ. ಅದೇ ಕೆಮ್ಮು. ಅದೇ ಬಾಂಗು.

ಹೇಝಲ್ ಕರೆ ಕಡಿಯಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡೇ ಕಾರುಗಳ ಸಾಲಿನ ಕಡೆ ನಡೆಯತೊಡಗಿದಳು, ಒಂದೊಂದೇ ಗಾಜಿನೊಳಗೆ ಇಣುಕುತ್ತಾ. ನಾಲ್ಕನೆಯ ಕಾರು ದಾಟುವಾಗ ಫೋನಿನಲ್ಲಿ ಇಂಜಿನ್ ಶುರುವಾದ ಸದ್ದು ಕೇಳಿತು.

ಬೆನ್ನ ಹಿಂದೆಯೂ ಕೇಳಿತು.